ಅಳುಕು ಹುಟ್ಟಿಸುವ ಸಿನಿಮಾ, ಅಳುಕು ಹುಟ್ಟಿಸುವ ಆಟ: ನಿಮಗೆ ಯಾವುದು?

ಕೆರೆಯ ಆಚೆ ದಡ, ಹಗಲು ಹೊತ್ತು. ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸೊಬ್ಬಳು ನಿಂತಿದ್ದಾಳೆ. ಈಚೆ ದಡದಲ್ಲಿ ಪುಟ್ಟ ಹುಡುಗಿಯೊಬ್ಬಳು ಹಾಡು ಗುನುಗುತ್ತಿದ್ದಾಳೆ. ಅವಳನ್ನು ನೋಡಿಕೊಳ್ಳಲು ಬಂದ ಶಿಕ್ಷಕಿ ತಲೆಯೆತ್ತಿ ಆ ಕಡೆ ನೋಡುತ್ತಾಳೆ. ಆಚೆಯವಳು ಓಡಿ ಬರುವುದಿಲ್ಲ, ಕಿರುಚುವುದಿಲ್ಲ, ಕೈಯನ್ನೂ ಬೀಸುವುದಿಲ್ಲ. ನಿಂತಿರುತ್ತಾಳೆ, ಅಷ್ಟೇ. 1961ರ ‘ದಿ ಇನ್ನೊಸೆಂಟ್ಸ್’ ಚಿತ್ರದ ಈ ದೃಶ್ಯವನ್ನು ನಾನು ಮೊದಲ ಸಲ ನೋಡಿದ್ದು ಒಂದು ಮಧ್ಯಾಹ್ನ, ಕಿಟಕಿ ತೆರೆದಿಟ್ಟುಕೊಂಡು. ಸಂಜೆಯಾದ ಮೇಲೆ ಹಿತ್ತಲ ಕಡೆಯ ಕಿಟಕಿಗೆ ಪರದೆ ಎಳೆದೆ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೇ ಎಳೆದೆ.

ಕನ್ನಡದಲ್ಲಿ ಬೆಚ್ಚುವುದು ಬೇರೆ, ಅಳುಕುವುದು ಬೇರೆ. ಅಟ್ಟದಿಂದ ಬೆಕ್ಕು ಧುಮುಕಿದರೆ ಬೆಚ್ಚಿಬೀಳುತ್ತೇವೆ. ಬೆಕ್ಕೆಂದು ಗೊತ್ತಾದ ಕೂಡಲೇ ಅದು ಮುಗಿಯಿತು. ಅಳುಕು ಹಾಗೆ ಮುಗಿಯುವುದಿಲ್ಲ. ಏನೆಂದು ಗೊತ್ತಾಗಲಿಲ್ಲವಲ್ಲ, ಅದಕ್ಕೇ ಉಳಿದುಕೊಳ್ಳುತ್ತದೆ. ಮಲಗಿದ ಮೇಲೆ, ಮರುದಿನ ಬಟ್ಟೆ ಒಣಹಾಕುವಾಗ, ವಾರದ ನಂತರ ಖಾಲಿ ಲಿಫ್ಟಿನಲ್ಲಿ ನಿಂತಾಗ ಮತ್ತೆ ಬರುತ್ತದೆ. ಈ ಎರಡನೆಯ ಭಯದ ಸಿನಿಮಾ ಮತ್ತು ವಿಡಿಯೊ ಆಟಗಳಲ್ಲಿ ಯಾವುದರಿಂದ ಶುರು ಮಾಡಲಿ ಎಂದು ಗೆಳೆಯರು ಕೇಳುತ್ತಿರುತ್ತಾರೆ. ಅವರಿಗೆ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟು ಸೇರಿಸಿದ್ದೇನೆ.

ಮುಂದಿನ ಹೆಜ್ಜೆ ಯಾರದು?

ಎಲ್ಲರೂ ಮೊದಲು ಕೇಳುವುದು ‘ಯಾವುದು ಹೆಚ್ಚು ಭಯಾನಕ?’ ಎಂದು. ಅದಕ್ಕೆ ಉತ್ತರ ಆಳಿನಿಂದ ಆಳಿಗೆ ಬೇರೆಯಾಗುತ್ತದೆ. ನಾನು ತಿರುಗಿ ಕೇಳುವ ಪ್ರಶ್ನೆ ಇದು: ಕತ್ತಲ ಕೋಣೆಯೊಳಗೆ ಕಾಲಿಡುವವರು ಯಾರಾಗಿರಬೇಕು, ನೀವೋ ಬೇರೆಯವರೋ?

ಸಿನಿಮಾದಲ್ಲಿ ಬೇರೆಯವರು ಕಾಲಿಡುತ್ತಾರೆ, ನೀವು ಬೇಡವೆಂದು ಕೂಗಿದರೂ. ಆ ಅಸಹಾಯಕತೆಯೇ ಸಿನಿಮಾದ ಬಲ. ಆದರೆ ಕಣ್ಣು ಮುಚ್ಚಿಕೊಂಡರೆ ಚಿತ್ರ ತನ್ನ ಪಾಡಿಗೆ ಮುಂದೆ ಸಾಗುತ್ತದೆ, ದೃಶ್ಯ ಕಳೆದುಹೋಗುತ್ತದೆ. ಆಟದಲ್ಲಿ ಕಣ್ಣು ಮುಚ್ಚಿದರೆ ಆಟ ಕಾಯುತ್ತ ಕೂರುತ್ತದೆ. ಬಾಗಿಲು ತೆರೆಯುವ ಗುಂಡಿ ನಿಮ್ಮ ಬೆರಳ ಕೆಳಗೇ ಇದೆ, ನೀವಾಗಿ ಒತ್ತುವವರೆಗೆ ಏನೂ ಆಗುವುದಿಲ್ಲ.

ಸ್ವೀಡನ್‌ನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ತಂದ ‘ಅಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್’ ಆಟದಲ್ಲಿ ನೀರು ತುಂಬಿದ ಒಂದು ನೆಲಮಾಳಿಗೆ ಬರುತ್ತದೆ. ನೀರಿನಲ್ಲಿ ಏನೋ ಇದೆ, ಕಾಣುವುದಿಲ್ಲ. ಅದು ಹೆಜ್ಜೆ ಇಟ್ಟ ಕಡೆ ನೀರು ಚಿಮ್ಮುವುದಷ್ಟೇ ಕಾಣುತ್ತದೆ. ಮರದ ಪೆಟ್ಟಿಗೆಗಳ ಮೇಲೆ ಹತ್ತಿ ನಿಂತರೆ ಕ್ಷೇಮ, ಆದರೆ ಹೊರಹೋಗುವ ಬಾಗಿಲು ಆಚೆ ತುದಿಯಲ್ಲಿದೆ. ನಿಮ್ಮ ಕೈಯಲ್ಲಿ ಆಯುಧವಿಲ್ಲ, ಈ ಆಟ ಕೊನೆಯವರೆಗೂ ಕೊಡುವುದಿಲ್ಲ. ಒಂದು ಪೆಟ್ಟಿಗೆಯ ಮೇಲೆ ನಿಂತು, ನೀರು ಆ ಕಡೆ ಈ ಕಡೆ ಚಿಮ್ಮುವುದನ್ನು ನೋಡುತ್ತ ನಾನು ಹತ್ತು ನಿಮಿಷವಾದರೂ ಕಳೆದಿದ್ದೇನೆ. ಸಿನಿಮಾದಲ್ಲಾದರೆ ಆ ಹತ್ತು ನಿಮಿಷವನ್ನು ಸಂಕಲನಕಾರ ಕತ್ತರಿಸಿರುತ್ತಿದ್ದ. ಆಟದ ಭಯವೆಲ್ಲ ಅದರಲ್ಲೇ ಇತ್ತು.

ಇಲ್ಲೇ ಒಂದು ಎಚ್ಚರಿಕೆ. ಆಟಗಳನ್ನು ಆಡಿಯೇ ಇಲ್ಲದವರಿಗೆ ಕಂಟ್ರೋಲರ್ ಹಿಡಿಯುವ ಕಷ್ಟವೇ ಮುಂದಾಗಿ, ಅಳುಕಿನ ಜಾಗದಲ್ಲಿ ಬೇಸರ ಬಂದು ಕೂರುತ್ತದೆ. ಅಂಥವರು ಸಿನಿಮಾದಿಂದ ಶುರು ಮಾಡಲಿ. ಆಟವೇ ಬೇಕೆಂದರೆ ನಡೆಯುವುದು, ನೋಡುವುದು ಎರಡೇ ಕೆಲಸವಿರುವಂಥದ್ದನ್ನು ಹಿಡಿಯಲಿ. ಅಂಥ ಕೆಲವನ್ನು ಮುಂದೆ ಹೇಳುತ್ತೇನೆ.

ಕಣ್ಣಿಗೋ ಕಿವಿಗೋ: ಎರಡು ಹಳೆಯ ಮನೆಗಳು

ಈ ದಾರಿಗೆ ಹೊಸಬರಾದವರ ಮುಂದೆ ನಾನು ಇಡುವುದು ಎರಡು ಕಪ್ಪು–ಬಿಳುಪು ಚಿತ್ರಗಳನ್ನು. ಎರಡು ವರ್ಷದ ಅಂತರದಲ್ಲಿ ಬಂದವು, ಎರಡರಲ್ಲೂ ಒಂದು ದೊಡ್ಡ ಬಂಗಲೆ, ಅದರೊಳಗೆ ಬಂದು ಸೇರುವ ಒಬ್ಬ ಒಂಟಿ ಹೆಣ್ಣು. ಅಷ್ಟಾದ ಮೇಲೆ ದಾರಿ ಬೇರೆ.

ಜ್ಯಾಕ್ ಕ್ಲೇಟನ್ ನಿರ್ದೇಶನದ ‘ದಿ ಇನ್ನೊಸೆಂಟ್ಸ್’ ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ನೀಳ್ಗತೆಯಿಂದ ಹುಟ್ಟಿದ್ದು. ಶಿಕ್ಷಕಿಯ ಪಾತ್ರ ಡೆಬೊರಾ ಕೆರ್ ಅವರದು. ಈ ಚಿತ್ರ ಕಣ್ಣಿನದು. ಸಿನೆಮಾಸ್ಕೋಪಿನ ಅಗಲ ಪರದೆ ಬೇಕೆಂದು ಸ್ಟುಡಿಯೊ ಹಟ ಹಿಡಿದಿತ್ತು. ಒಬ್ಬಳೇ ಹೆಂಗಸಿನ ಉಸಿರುಗಟ್ಟುವ ಕಥೆಗೆ ಆ ಅಗಲ ಹೆಚ್ಚಾಗುತ್ತಿತ್ತು. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಗಾಜಿನ ಫಿಲ್ಟರುಗಳ ಅಂಚಿಗೆ ಬಣ್ಣ ಬಳಿದು ಪರದೆಯ ಎರಡೂ ಬದಿಯನ್ನು ಕತ್ತಲಿಗೆ ಇಳಿಸಿಬಿಟ್ಟರು. ಹಾಗಾಗಿ ನೋಡುವವರ ಕಣ್ಣು ನಡುವಿನ ಬೆಳಕಿನಲ್ಲಿ ನಿಲ್ಲದೆ ಅಂಚಿನ ಕತ್ತಲನ್ನು ತಡಕುತ್ತಲೇ ಇರುತ್ತದೆ. ದೆವ್ವಗಳು ನಿಜವೋ ಶಿಕ್ಷಕಿಯ ಮನಸ್ಸಿನ ಸೃಷ್ಟಿಯೋ ಎಂಬ ಪ್ರಶ್ನೆಗೆ ಚಿತ್ರ ಉತ್ತರ ಬಿಟ್ಟುಕೊಡುವುದಿಲ್ಲ. ಕೆರೆಯಾಚೆ ಕಂಡ ಆ ಸತ್ತ ಹೆಂಗಸು ಪಾಠದ ಕೋಣೆಯಲ್ಲಿ ಕೂತು ಅಳುವುದು ಕಾಣುತ್ತದೆ. ಹತ್ತಿರ ಹೋದರೆ ಯಾರೂ ಇಲ್ಲ, ಆದರೆ ಅಲ್ಲಿ ಒಂದು ಹನಿ ಕಣ್ಣೀರು ಬಿದ್ದಿದೆ. ಶಿಕ್ಷಕಿ ಅದನ್ನು ಬೆರಳಿನಿಂದ ಮುಟ್ಟುತ್ತಾಳೆ. ಭ್ರಮೆಯಾದರೆ ಆ ಹನಿ ಯಾರದು? ಇಷ್ಟು ವರ್ಷವಾದರೂ ನನಗದು ಬಗೆಹರಿದಿಲ್ಲ.

1963ರ ‘ದಿ ಹಾಂಟಿಂಗ್’ ಕಿವಿಯ ಚಿತ್ರ. ಶರ್ಲಿ ಜ್ಯಾಕ್ಸನ್ ಅವರ 1959ರ ಕಾದಂಬರಿ ಇದರ ಮೂಲ. ನಿರ್ದೇಶಕ ರಾಬರ್ಟ್ ವೈಸ್. ‘ವೆಸ್ಟ್ ಸೈಡ್ ಸ್ಟೋರಿ’ಗೂ ‘ದಿ ಸೌಂಡ್ ಆಫ್ ಮ್ಯೂಸಿಕ್’ಗೂ ನಡುವೆ ಅವರು ಮಾಡಿದ ಚಿತ್ರ ಇದು ಎಂದರೆ ಅನೇಕರು ನಂಬುವುದಿಲ್ಲ. ಇದರಲ್ಲಿ ದೆವ್ವ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಗೋಡೆಯಾಚೆ ಬಡಿತ, ಗೊಣಗಾಟ, ಮಗುವಿನ ಅಳುವಿನಂಥ ಸದ್ದು. ಗಟ್ಟಿ ಮರದ ಬಾಗಿಲೊಂದು ಹೊಟ್ಟೆಯ ಹಾಗೆ ಉಬ್ಬಿ ಒಳಕ್ಕೆ ಬರುತ್ತದೆ, ಮತ್ತೆ ಹಿಂದೆ ಹೋಗುತ್ತದೆ. ಒಂದು ರಾತ್ರಿ ನಾಯಕಿ ಎಲಿನರ್ ಕತ್ತಲಲ್ಲಿ ಹೆದರಿ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದು ಮಲಗಿರುತ್ತಾಳೆ. ದೀಪ ಹತ್ತಿದಾಗ ಗೆಳತಿ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದಾಳೆ. ಅಷ್ಟು ಹೊತ್ತು ಹಿಡಿದಿದ್ದು ಯಾರ ಕೈ?

ನಿಮಗೆ ಚಿತ್ರದ ಮೂಲೆಮೂಲೆ ಹುಡುಕುವ ಅಭ್ಯಾಸವಿದ್ದರೆ ಮೊದಲನೆಯದು. ರಾತ್ರಿ ಮಲಗಿದಾಗ ಮನೆಯ ಸದ್ದುಗಳಿಗೆ ಕಿವಿಗೊಡುವವರಾದರೆ ಎರಡನೆಯದು, ಅದೂ ಹೆಡ್‌ಫೋನ್ ಹಾಕಿಕೊಂಡು. ನನ್ನ ಮನಸ್ಸು ‘ಇನ್ನೊಸೆಂಟ್ಸ್’ ಕಡೆ. ‘ಹಾಂಟಿಂಗ್’ನಲ್ಲಿ ಎಲಿನರ್ ತನ್ನ ಮನಸ್ಸಿನ ಮಾತನ್ನು ನಮಗೆ ಸ್ವಲ್ಪ ಹೆಚ್ಚೇ ಕೇಳಿಸುತ್ತಾಳೆ.

ಎರಡಕ್ಕೂ ಹಿರಿಯಕ್ಕನಂಥ ಒಂದು ಚಿತ್ರವಿದೆ: 1942ರ ‘ಕ್ಯಾಟ್ ಪೀಪಲ್’, 73 ನಿಮಿಷ. ನಿರ್ಮಾಪಕ ವ್ಯಾಲ್ ಲೂಟನ್ ಕೈಯಲ್ಲಿ ದುಡ್ಡು ಕಡಿಮೆಯಿತ್ತು. ಇದ್ದದ್ದು ನೆರಳು ಮತ್ತು ಸದ್ದು. ರಾತ್ರಿ ರಸ್ತೆಯಲ್ಲಿ ಒಬ್ಬಳು ನಡೆಯುತ್ತಾಳೆ, ಹಿಂದೆ ಇನ್ನೊಬ್ಬಳ ಚಪ್ಪಲಿಯ ಟಕಟಕ. ಆ ಟಕಟಕ ನಿಲ್ಲುತ್ತದೆ. ನಿಂತದ್ದೇ ಭಯ. ಆಮೇಲೆ ಬಸ್ಸೊಂದು ಭುಸ್ಸೆಂದು ಬಂದು ನಿಲ್ಲುತ್ತದೆ, ನೀವು ಕುರ್ಚಿಯಿಂದ ಎಗರುತ್ತೀರಿ. ಅಳುಕಿನ ಸಿನಿಮಾದ ಈ ಹಿರಿಯಕ್ಕನೇ ಬೆಚ್ಚಿಸುವ ತಂತ್ರಕ್ಕೂ ದಾರಿ ತೋರಿದಳು. ಆ ತಂತ್ರವನ್ನು ಇಂದಿಗೂ ‘ಲೂಟನ್ ಬಸ್’ ಎಂದೇ ಕರೆಯುತ್ತಾರೆ. ವೈಸ್ ಕೂಡ ನಿರ್ದೇಶನದ ಮೊದಲ ಪಾಠಗಳನ್ನು ಕಲಿತದ್ದು ಲೂಟನ್ ಕೈಕೆಳಗೆ.

ಕೊನೆಯಲ್ಲಿ ಉತ್ತರ ಬೇಕೇ?

‘ಆಪ್ತಮಿತ್ರ’ವನ್ನು ನೆನಪಿಸಿಕೊಳ್ಳಿ. ನಾಗವಲ್ಲಿಯ ಕೋಣೆ, ಗೆಜ್ಜೆಯ ಸದ್ದು, ನಡುರಾತ್ರಿಯ ಹಾಡು, ಎಲ್ಲಕ್ಕೂ ಕೊನೆಗೆ ವೈದ್ಯ ಬಂದು ಕಾರಣ ಹೇಳುತ್ತಾನೆ. ನಾವು ಹಗುರಾಗಿ ಮನೆಗೆ ಹೋಗುತ್ತೇವೆ. ಅದು ಅದರದೇ ಸುಖ. ಅದು ಬೇಕೆನಿಸಿದ ದಿನ ಮುಂದಿನ ಎರಡು ಚಿತ್ರಗಳ ಕಡೆ ಹೋಗಬೇಡಿ.

ಕಿಯೊಶಿ ಕುರೊಸಾವಾ ಅವರ ‘ಕ್ಯೂರ್’ (1997) ಮೇಲ್ನೋಟಕ್ಕೆ ಪೊಲೀಸ್ ಕಥೆ. ಟೋಕಿಯೊದಲ್ಲಿ ಕೊಲೆಗಳು ನಡೆಯುತ್ತಿವೆ. ಪ್ರತಿ ಹೆಣದ ಕುತ್ತಿಗೆಯಲ್ಲೂ ಒಂದೇ ಥರದ ಗುಣಿಸು ಗುರುತು, ಆದರೆ ಕೊಂದವರು ಬೇರೆ ಬೇರೆ. ಹತ್ತಿರದಲ್ಲೇ ಸಿಕ್ಕಿಬೀಳುವ ಅವರಿಗೂ ಯಾಕೆ ಕೊಂದೆವೆಂದು ಗೊತ್ತಿಲ್ಲ. ಒಂದು ಕೊಲೆ ಹಾಡಹಗಲು, ಪೊಲೀಸ್ ಚೌಕಿಯೊಂದರ ಮುಂದೆ ನಡೆಯುತ್ತದೆ. ಕ್ಯಾಮೆರಾ ದೂರದಲ್ಲಿ ಅಲ್ಲಾಡದೆ ನಿಂತಿದೆ, ಸಂಗೀತವಿಲ್ಲ. ಒಬ್ಬ ಪೊಲೀಸಿನವನು ಜೊತೆಗಾರನ ತಲೆಗೆ ಹಿಂದಿನಿಂದ ಗುಂಡು ಹಾರಿಸುತ್ತಾನೆ, ದಿನದ ಕೆಲಸದಲ್ಲಿ ಇದೂ ಒಂದೆಂಬಂತೆ. ನಾನು ಆ ದೃಶ್ಯಕ್ಕೆ ಬೆಚ್ಚಲೇ ಇಲ್ಲ. ಎಷ್ಟು ಸುಲಭವಾಗಿ ಆಗಿಹೋಯಿತಲ್ಲ ಎಂಬುದು ಮಾತ್ರ ಇವತ್ತಿಗೂ ಹೋಗಿಲ್ಲ.

ಅವರದೇ ‘ಕೈರೊ’ (2001) ಒಂಟಿತನದ ಬಗ್ಗೆ, ಡಯಲ್‌ಅಪ್ ಇಂಟರ್‌ನೆಟ್ಟಿನ ಕಾಲದ್ದು. ಅದರಲ್ಲಿ ಹೆಣ್ಣು ದೆವ್ವವೊಂದು ಕೋಣೆಯ ಆ ತುದಿಯಿಂದ ನಿಧಾನವಾಗಿ ನಡೆದು ಬರುತ್ತದೆ. ನಡುವೆ ಒಮ್ಮೆ ಅದರ ಕಾಲು ತೊಡರುತ್ತದೆ, ಬೀಳುವಂತಾಗಿ ಮತ್ತೆ ಸಾವರಿಸಿಕೊಂಡು ನಡೆಯುತ್ತದೆ. ಆ ಒಂದು ತೊಡರಿನ ಮುಂದೆ ಎಷ್ಟೋ ಚಿತ್ರಗಳ ಬಿಳಿ ಸೀರೆ, ಬಿಚ್ಚುಗೂದಲು ನಿಲ್ಲಲಾರವು. ಎರಡರಲ್ಲಿ ಮೊದಲು ‘ಕ್ಯೂರ್’ ನೋಡಿ. ‘ಕೈರೊ’ದ ದ್ವಿತೀಯಾರ್ಧ ಜಾಳಾಗಿದೆ, ತಾಳ್ಮೆ ಬೇಡುತ್ತದೆ.

ಸಾವು ಕಂಡ ಮನೆ

ಇಲ್ಲಿ ಸಿನಿಮಾ ಮತ್ತು ಆಟವನ್ನು ನೇರವಾಗಿ ಪಕ್ಕಪಕ್ಕ ಇಟ್ಟು ನೋಡಬಹುದು, ಏಕೆಂದರೆ ಎರಡೂ ಒಂದೇ ಗಾಯವನ್ನು ಮುಟ್ಟುತ್ತವೆ: ಹೋದವರು ನಿಜವಾಗಿ ಹೋದರೇ?

‘ಲೇಕ್ ಮಂಗೊ’ (2008) ಆಸ್ಟ್ರೇಲಿಯಾದ ಚಿತ್ರ, ಜೋಯಲ್ ಆ್ಯಂಡರ್ಸನ್ ಅವರದು. ಸಾಕ್ಷ್ಯಚಿತ್ರದ ರೂಪದಲ್ಲಿದೆ, ಆದರೆ ಕಥೆ ಕಲ್ಪಿತ. ಹದಿನಾರರ ಆಲಿಸ್ ನೀರಿನಲ್ಲಿ ಮುಳುಗಿ ಸತ್ತಿದ್ದಾಳೆ. ಅಪ್ಪ, ಅಮ್ಮ, ಸೋದರ ಕ್ಯಾಮೆರಾದ ಮುಂದೆ ಕೂತು ಮಾತಾಡುತ್ತಾರೆ. ಕಲಾವಿದರು ಮಾತುಗಳನ್ನು ಸ್ಥಳದಲ್ಲೇ ಕಟ್ಟಿಕೊಂಡು ಆಡಿದ್ದರಿಂದ ಆ ತಡವರಿಕೆ, ಅರ್ಧಕ್ಕೆ ನಿಲ್ಲುವ ವಾಕ್ಯ ಎಲ್ಲ ನಮ್ಮ ಮನೆಯವರದೇ ಅನಿಸುತ್ತದೆ. ಫೋಟೊಗಳಲ್ಲಿ ಆಲಿಸ್ ಕಾಣಿಸತೊಡಗುತ್ತಾಳೆ. ನಂಬಿದ ಪುರಾವೆ ಒಂದು ಹಂತದಲ್ಲಿ ಕೈಬಿಡುತ್ತದೆ, ಅಲ್ಲಿಂದ ಮುಂದೆ ನಿಜವಾದ ಅಳುಕು ಶುರು. ಒಂದು ಮಾತು: ಕೊನೆಯಲ್ಲಿ ಹೆಸರುಗಳು ಬರುವಾಗ ಏಳಬೇಡಿ.

ಕೊನಾಮಿಯ ‘ಸೈಲೆಂಟ್ ಹಿಲ್ 2’ (2001) ಆಟದಲ್ಲಿ ಜೇಮ್ಸ್ ಎಂಬವನಿಗೆ ಹೆಂಡತಿಯಿಂದ ಪತ್ರ ಬಂದಿದೆ, ಸೈಲೆಂಟ್ ಹಿಲ್ ಊರಿನ ನಮ್ಮ ಮೆಚ್ಚಿನ ಜಾಗದಲ್ಲಿ ಕಾಯುತ್ತಿದ್ದೇನೆ ಎಂದು. ಹೆಂಡತಿ ತೀರಿಕೊಂಡಿದ್ದಾಳೆ. ಆಟ ಶುರುವಾಗುವುದು ಮಂಜು ಕವಿದ ಕಾಡುದಾರಿಯ ಇಳಿತದಲ್ಲಿ. ಅದು ಬೇಕೆಂದೇ ಉದ್ದ. ಬಹಳ ಹೊತ್ತು ಏನೂ ಎದುರಾಗುವುದಿಲ್ಲ, ನಿಮ್ಮ ಹೆಜ್ಜೆಯ ಸದ್ದು ಮಾತ್ರ. 1999ರ ಮೊದಲ ಆಟದಲ್ಲಿ ಮಂಜು ಬಂದದ್ದು ಆಗಿನ ಪ್ಲೇಸ್ಟೇಷನ್‌ಗೆ ದೂರದ ಬೀದಿಗಳನ್ನು ಬಿಡಿಸಿ ತೋರಿಸುವ ಶಕ್ತಿ ಇಲ್ಲದ್ದರಿಂದ. ಎರಡನೆಯದರ ಹೊತ್ತಿಗೆ ಆ ಮಂಜೇ ಕಥೆಯಾಯಿತು. ಜೇಬಿನ ರೇಡಿಯೊ ಗರಗರ ಎಂದರೆ ಹತ್ತಿರದಲ್ಲಿ ಏನೋ ಇದೆ, ಎಲ್ಲಿ ಎಂದು ಹೇಳುವುದಿಲ್ಲ. ನನ್ನನ್ನು ಅಲುಗಿಸಿದ್ದು ಇನ್ನೊಂದು. ಗಾಯಗಳನ್ನು ಎಷ್ಟು ಬೇಗ ವಾಸಿ ಮಾಡಿಕೊಂಡಿರಿ, ಹೆಂಡತಿಯ ಫೋಟೊವನ್ನು ತೆಗೆದು ನೋಡಿದಿರಾ ಎಂಬಂಥ ಸಣ್ಣ ಸಣ್ಣ ನಡತೆಯನ್ನು ಆಟ ಸದ್ದಿಲ್ಲದೆ ಲೆಕ್ಕ ಇಡುತ್ತದೆ. ಯಾವ ಮುಕ್ತಾಯ ಸಿಗುತ್ತದೆಂಬುದು ಅದರ ಮೇಲೆ ನಿಂತಿದೆ. ನೀವು ಜೇಮ್ಸನನ್ನು ಹೇಗೆ ನಡೆಸಿಕೊಂಡಿರೋ ಅವನ ಕೊನೆ ಹಾಗೆ.

2024ರ ಮರುನಿರ್ಮಾಣ ಹೆಚ್ಚು ಉದ್ದ, ಹೊಡೆದಾಟವೂ ಹೆಚ್ಚು, ಕ್ಯಾಮೆರಾ ಭುಜದ ಹಿಂದಿರುತ್ತದೆ. ಇಂದಿಗೆ ಸುಲಭವಾಗಿ ಸಿಗುವುದು ಅದೇ, ಚೆನ್ನಾಗಿಯೂ ಇದೆ. ಹಳೆಯದು ಸಿಕ್ಕಿದರೆ ಬಿಡಬೇಡಿ. ಅದರ ಕ್ಯಾಮೆರಾ ಎಷ್ಟೋ ಕಡೆ ನೀವು ನೋಡಬೇಕೆಂದ ಕಡೆಗೆ ತಿರುಗುವುದಿಲ್ಲ, ಆ ಹಿಂಸೆಯೇ ಅದರ ಗುಣ.

ನಮಗೆ ಹತ್ತಿರದ್ದು ಬೇಕೆನ್ನುವವರಿಗೆ ಮಲಯಾಳಂನ ‘ಭೂತಕಾಲಂ’ (2022) ಇದೆ, ರಾಹುಲ್ ಸದಾಶಿವನ್ ನಿರ್ದೇಶನ. ಅಜ್ಜಿ ತೀರಿದ ಮೇಲೆ ಬಾಡಿಗೆ ಮನೆಯಲ್ಲಿ ಉಳಿದ ಅಮ್ಮ, ಮಗ. ಅಮ್ಮನಿಗೆ ಖಿನ್ನತೆ, ಮಗನಿಗೆ ಕೆಲಸವಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದಿಲ್ಲ. ಬಹುಪಾಲು ಹೊತ್ತು ಕಾಟ ಮನೆಯದೋ ಮನಸ್ಸಿನದೋ ತಿಳಿಯದು. ಅಮ್ಮನಾಗಿ ರೇವತಿ ಅವರ ಅಭಿನಯಕ್ಕೆ ಕೇರಳ ರಾಜ್ಯ ಪ್ರಶಸ್ತಿ ಬಂತು. ನಮ್ಮ ಅಡುಗೆಮನೆಯಂಥದೇ ಅಡುಗೆಮನೆ, ನಮ್ಮಲ್ಲಿರುವಂಥದೇ ಕಬ್ಬಿಣದ ಬೀರು. ಕತ್ತಲಿಗೆ ಬಂಗಲೆಯೇ ಬೇಕಿಲ್ಲ.

ಇದು ನಮಗೆ ಹೊಸದೂ ಅಲ್ಲ. ರಾತ್ರಿ ಒಂದೇ ಸಲ ಕೂಗಿದರೆ ಓಗೊಡಬೇಡ ಎಂದು ಹಿರಿಯರು ಹೇಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಅನೇಕರಿಗೆ ನೆನಪಿದೆ. ರಾತ್ರಿ ಬಾಗಿಲು ತಟ್ಟುವವಳು ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ ಎಂಬುದು ಆ ಕಥೆ. ಅಪರಿಚಿತ ದನಿಯಾಗಿದ್ದರೆ ಅಷ್ಟು ಬಾಗಿಲುಗಳ ಮೇಲೆ ಸುಣ್ಣ, ಸೀಮೆಸುಣ್ಣ ಬೀಳುತ್ತಿರಲಿಲ್ಲ. ಅಮ್ಮನ ದನಿಯೇ ಅಮ್ಮನದಲ್ಲದಿದ್ದರೆ? ಫ್ರಾಯ್ಡ್ 1919ರಲ್ಲಿ ಈ ಭಯದ ಮೇಲೆ ಒಂದು ಪ್ರಬಂಧ ಬರೆದಾಗ ಬಳಸಿದ ಜರ್ಮನ್ ಪದದ ಹೊಟ್ಟೆಯಲ್ಲೂ ‘ಮನೆ’ ಎಂಬ ಮಾತೇ ಇದೆ.

ಮನೆಯಲ್ಲಿ ಈಚೆಗೆ ಸಾವು ಕಂಡವರು ಈ ಮೂರನ್ನೂ ಸದ್ಯಕ್ಕೆ ಬದಿಗಿಡಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ನನ್ನ ದೊಡ್ಡಪ್ಪ ಹೋದ ತಿಂಗಳಲ್ಲಿ ‘ಲೇಕ್ ಮಂಗೊ’ ಹಾಕಿಕೊಂಡು ಅರ್ಧಕ್ಕೆ ನಿಲ್ಲಿಸಿದೆ. ಮತ್ತೆ ಮುಟ್ಟಲು ಎರಡು ವರ್ಷ ಬೇಕಾಯಿತು. ಎರಡನೆಯ ಸಲ ಅದು ಹೆದರಿಸುವುದಕ್ಕಿಂತ ಹೆಚ್ಚಾಗಿ ಅಳಿಸಿತು.

ಒಂದೇ ಸಂಜೆ ಇದ್ದರೆ

ನಡೆದು ನೋಡಿದರೆ ಸಾಕು ಎಂಬ ಆಟಗಳಲ್ಲಿ ‘ದಿ ಎಕ್ಸಿಟ್ 8’ (2023) ಎಲ್ಲರಿಗೂ ಹೊಂದುತ್ತದೆ. ಜಪಾನಿನ ಸುರಂಗ ರೈಲಿನ ಬಿಳಿ ಹೆಂಚಿನ ದಾರಿ, ಎದುರಿಗೆ ನಡೆದು ಬರುವ ಒಬ್ಬ ಕಚೇರಿ ಉದ್ಯೋಗಿ. ಅದೇ ದಾರಿ ಮತ್ತೆ ಮತ್ತೆ ಬರುತ್ತದೆ. ಏನಾದರೂ ಬದಲಾಗಿದ್ದರೆ ಹಿಂದಿರುಗಬೇಕು, ಇಲ್ಲದಿದ್ದರೆ ಮುಂದೆ ಹೋಗಬೇಕು. ನಿಯಮ ಅಷ್ಟೇ. ಪೋಸ್ಟರಿನ ಕಣ್ಣು ಈಗ ಹೊರಳಿತೇ? ಆತ ಮೊದಲೂ ನಗುತ್ತಿದ್ದನೇ? ಇದನ್ನು ಆಡಿದ ವಾರ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವಾಗ ಗೋಡೆಯ ಜಾಹೀರಾತುಗಳನ್ನು ಒಂದೊಂದಾಗಿ ನೋಡುತ್ತ ನಡೆದೆ. ಮೂರ್ನಾಲ್ಕು ಮಂದಿ ಒಟ್ಟಿಗೆ ಕೂತು ಆಡಲೂ ಚೆನ್ನ.

ಒಬ್ಬರೇ ಇರುವವರಿಗೆ ‘ಐರನ್ ಲಂಗ್’ (2022). ಡೇವಿಡ್ ಶಿಮಾನ್ಸ್ಕಿ ಅವರದು, ಸುಮಾರು ಒಂದು ಗಂಟೆ. ರಕ್ತದ ಕಡಲಿನ ತಳಕ್ಕೆ ನಿಮ್ಮನ್ನು ತುಕ್ಕು ಹಿಡಿದ ಸಣ್ಣ ಜಲಾಂತರ್ಗಾಮಿಯಲ್ಲಿ ಇಳಿಸಿದ್ದಾರೆ, ಕಿಟಕಿ ಮುಚ್ಚಿದೆ. ಕೈಯಲ್ಲಿ ಒಂದು ನಕಾಶೆ, ಅಂಕಿಗಳು, ಹೊರಗಿನ ಸ್ಥಿರಚಿತ್ರ ತೆಗೆಯುವ ಒಂದು ಗುಂಡಿ. ಮಸುಕಾದ ಚಿತ್ರ ಬರುತ್ತದೆ. ಮುಂದಿನ ಚಿತ್ರ ತೆಗೆಯುವವರೆಗೆ ಹೊರಗೆ ಏನು ಸರಿದಾಡಿದೆಯೋ ತಿಳಿಯದು. ಗುಂಡಿ ಒತ್ತಲು ಮನಸ್ಸಾಗುವುದಿಲ್ಲ, ಒತ್ತದೆ ದಾರಿಯಿಲ್ಲ.

ಕಿಟ್ಟಿ ಹಾರರ್‌ಶೋ ಎಂಬ ಹೆಸರಿನ ಕಲಾವಿದೆಯ ‘ಅನಾಟಮಿ’ (2016) ನನಗೆ ಇವೆಲ್ಲಕ್ಕಿಂತ ಮೇಲು. ಕತ್ತಲೆಯ ಒಂದು ಸಾಮಾನ್ಯ ಮನೆ, ಅಲ್ಲಲ್ಲಿ ಕ್ಯಾಸೆಟ್ಟುಗಳು. ಪ್ರತಿ ಕ್ಯಾಸೆಟ್ಟಿನಲ್ಲೂ ಒಂದು ಹೆಣ್ಣುದನಿ ಮನೆಯ ಕೋಣೆಗಳನ್ನು ದೇಹದ ಅಂಗಗಳಿಗೆ ಹೋಲಿಸುತ್ತ ಪಾಠ ಹೇಳುತ್ತದೆ. ಆಟ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಗಿಯಿತೆಂದು ಬಿಡಬೇಡಿ, ಮತ್ತೆ ತೆರೆಯಿರಿ.

ದೊಡ್ಡ ಆಟ ಬೇಕು ಆದರೆ ಅಟ್ಟಿಸಿಕೊಂಡು ಬರುವವು ಬೇಡ ಎನ್ನುವವರಿಗೆ ‘ಸೋಮಾ’ (2015), ‘ಅಮ್ನೀಸಿಯಾ’ ಮಾಡಿದವರದೇ. ಕಡಲ ತಳದ ಪಾಳು ನಿಲ್ದಾಣದ ಕಥೆ. 2017ರಲ್ಲಿ ಇದಕ್ಕೆ ‘ಸೇಫ್ ಮೋಡ್’ ಸೇರಿಸಿದರು. ಪ್ರಾಣಿಗಳು ಇರುತ್ತವೆ, ಕೊಲ್ಲುವುದಿಲ್ಲ. ಸಂಕೋಚವಿಲ್ಲದೆ ಅದರಲ್ಲೇ ಆಡಿ. ಈ ಆಟದ ಭಯ ಪ್ರಾಣಿಗಳಲ್ಲಿಲ್ಲ, ‘ನಾನು ಎಂದರೆ ಯಾರು’ ಎಂಬ ಪ್ರಶ್ನೆಯಲ್ಲಿದೆ. ಅದಕ್ಕೆ ಸುರಕ್ಷಿತ ಮೋಡ್ ಯಾವುದೂ ಇಲ್ಲ.

ಯಾವುದನ್ನು ಆರಿಸಿದರೂ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಕಿಟಕಿಯ ಬೆಳಕು ಪರದೆಯ ಮೇಲೆ ಬೀಳದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ‘ಇನ್ನೊಸೆಂಟ್ಸ್’ನ ಅಂಚಿನ ಕತ್ತಲಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಮುಗಿದ ತಕ್ಷಣ ಅರ್ಥ ವಿವರಿಸುವ ವಿಡಿಯೊ ಹುಡುಕಬೇಡಿ, ಎರಡು ದಿನವಾದರೂ ತಡೆಯಿರಿ.

ಒಂದನ್ನು ಮಾತ್ರ ನಾನು ನಿಮಗೆ ಆರಿಸಿಕೊಡಲಾರೆ. 2014ರ ಆಗಸ್ಟ್ 12ರಂದು ಪ್ಲೇಸ್ಟೇಷನ್ 4ರಲ್ಲಿ ‘ಪಿ.ಟಿ.’ ಎಂಬ ಪುಟ್ಟ ಆಟ ಉಚಿತವಾಗಿ ಬಂತು, ಆಟಗಳ ನಿರ್ದೇಶಕ ಹಿಡಿಯೊ ಕೊಜಿಮಾ ಮತ್ತು ಸಿನಿಮಾ ನಿರ್ದೇಶಕ ಗಿಲೆರ್ಮೊ ಡೆಲ್ ಟೊರೊ ಕೈ ಹಾಕಿದ್ದು. ಒಂದು ಮನೆಯ ತಿರುವುಳ್ಳ ಹಜಾರ, ಕೊನೆಯ ಬಾಗಿಲು ದಾಟಿದರೆ ಮತ್ತೆ ಅದೇ ಹಜಾರ. ಸುತ್ತು ಸುತ್ತಿಗೂ ಏನೋ ಒಂದು ಬದಲಾಗಿರುತ್ತದೆ. 2015ರ ಏಪ್ರಿಲ್‌ನಲ್ಲಿ ಅದನ್ನು ಪ್ಲೇಸ್ಟೇಷನ್ನಿನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿದರು. ಆಗ ಇಳಿಸಿಕೊಂಡು ಅಳಿಸದೆ ಉಳಿಸಿಕೊಂಡವರ ಯಂತ್ರಗಳಲ್ಲಿ ಮಾತ್ರ ಈಗ ಅದು ಇದೆ. ಉಳಿದ ನಾವು ಯಾರೋ ಆಡಿದ್ದರ ವಿಡಿಯೊ ನೋಡಬಹುದು. ನಾನು ನೋಡಿದ್ದೂ ಹಾಗೆಯೇ. ತಿರುವಿನಲ್ಲಿ ಆಡುವವನು ಒಂದು ಕ್ಷಣ ನಿಂತ. ಹೋಗಬೇಡ ಎಂದು ನಾನು ಅಂದೆ, ಅವನು ಹೋದ.